ತೇಲೋ ಊರು, ತೇಲೋ ಸೇತುವೆ ಎಲ್ಲಾ ಸರಿ... ಕೀಲು ಎಲ್ಲಿ ಸ್ವಾಮಿ?

ಮೇ 2022ರಲ್ಲಿ ಮಲ್ಪೆ ಬೀಚಿನಲ್ಲಿ ತೇಲುವ ಸೇತುವೆ ಉದ್ಘಾಟನೆಯಾಗಿ ಮೂರು ದಿನದೊಳಗೆ ಬಿಡಿಬಿಡಿಯಾಯಿತಲ್ಲ, ನೆನಪಿದೆಯಾ? ಆಗ ಕೇಳಿ ಬಂದ ಮಾತುಗಳೂ ನೆನಪಿರಬೇಕು. "ಕಳಪೆ ಕಾಮಗಾರಿ." "ಎಷ್ಟು ಪರ್ಸೆಂಟ್ ಹೊಡೆದ್ರೋ." "ನೆಟ್ಟಗೆ ಗಟ್ಟಿಯಾಗಿ ಒಂದು ಸೇತುವೆ ಕಟ್ಟೋಕೂ ಬರಲ್ವಾ ಇವರಿಗೆ?"

ಮೊದಲ ಎರಡರ ಬಗ್ಗೆ ನನಗೆ ಗೊತ್ತಿಲ್ಲ, ತನಿಖೆ ಮಾಡೋರು ಮಾಡಲಿ. ನನ್ನ ಜಗಳ ಇರೋದು ಮೂರನೇ ಮಾತಿನ ಜೊತೆ. ಅದನ್ನು ಹೇಳಿದವರಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದ ಮಹನೀಯರೂ ಇದ್ದರು, ಅದಕ್ಕೇ ಇಷ್ಟುದ್ದ ಬರೀತಿರೋದು.

ಕಡಲ ಮೇಲೆ ತೇಲುವ ವಸ್ತುವನ್ನು "ಗಟ್ಟಿಯಾಗಿ" ಜೋಡಿಸೋದು ಪರಿಹಾರ ಅಲ್ಲ ಮಾರಾಯ್ರೆ. ಬಹಳ ಸಲ ಅದೇ ರೋಗ.

ಮಲ್ಪೆಯೊಂದೇ ಅಲ್ಲ. ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಫೆಬ್ರವರಿ 25, 2024ಕ್ಕೆ ಇಂಥದ್ದೇ ಸೇತುವೆ ಉದ್ಘಾಟನೆ ಆಯಿತು. ಮಾರನೇ ದಿನ ಅದರ ತುದಿಯ ಭಾಗ ಬೇರೆಯಾಗಿ ಸಮುದ್ರದಲ್ಲಿ ತೇಲುತ್ತಿತ್ತು. ಅಧಿಕಾರಿಗಳು ಹೇಳಿದ್ದೇನು? ಮುರಿದಿಲ್ಲ, ಅದು ಮಾಕ್ ಡ್ರಿಲ್ ಅಂತೆ! (ನಗಬೇಡಿ. ನಮ್ಮ ಆಫೀಸಿನಲ್ಲೂ ಸರ್ವರ್ ಬಿದ್ದಾಗ 'ಪ್ಲಾನ್ಡ್ ಮೇಂಟೆನೆನ್ಸ್' ಅಂತ ಮೇಲ್ ಹೋಗತ್ತೆ.) ಎರಡು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 9ಕ್ಕೆ, ಕೇರಳದ ವರ್ಕಲದಲ್ಲಿ ಜೋರು ಅಲೆಗೆ ತೇಲುಸೇತುವೆಯ ಕೈಪಿಡಿ ಕಿತ್ತು ಜನ ನೀರಿಗೆ ಬಿದ್ದರು. ಹತ್ತಕ್ಕೂ ಹೆಚ್ಚು ಮಂದಿಗೆ ಗಾಯ. ಅಲ್ಲಿ ಮಾಕ್ ಡ್ರಿಲ್ ಅನ್ನೋ ಹಾಗಿರಲಿಲ್ಲ.

ಮೂರೂ ಕಡೆ ಪೇಪರಿನವರು ಉದ್ದ ಬರೆದರು, ಅಗಲ ಬರೆದರು, ಎಷ್ಟು ಲಕ್ಷ ಖರ್ಚು, ಟಿಕೆಟ್ ಎಷ್ಟು, ರಿಬ್ಬನ್ ಕತ್ತರಿಸಿದ್ದು ಯಾರು ಎಲ್ಲ ಬರೆದರು. ಒಂದು ಬ್ಲಾಕಿಗೂ ಪಕ್ಕದ ಬ್ಲಾಕಿಗೂ ನಡುವೆ ಏನಿತ್ತು ಅಂತ ಬರೆದವರನ್ನು ನಾನಂತೂ ನೋಡಲಿಲ್ಲ. ಮುಖ್ಯವಾದ ವಿಷಯ ಇದ್ದಿದ್ದೇ ಅಲ್ಲಿ!

ಸ್ವಲ್ಪ ಲೆಕ್ಕ ಹಾಕೋಣ, ಬೋರಾದರೆ ಮುಂದಿನ ಪ್ಯಾರಾಗೆ ಹಾರಿ. ಬೀಚಿನ ಆಟಿಕೆ ಬಿಡಿ, ದೊಡ್ಡದನ್ನೇ ತಗೊಳ್ಳಿ. ತೇಲುವ ವಿಮಾನ ನಿಲ್ದಾಣದ ಎರಡು ತುಂಡು, ಒಂದೊಂದೂ 50 ಮೀಟರ್ ಉದ್ದ, 60 ಮೀಟರ್ ಅಗಲ. ಎರಡನ್ನೂ ಅಲ್ಲಾಡದ ಹಾಗೆ ಬಿಗಿಯಾಗಿ ಜೋಡಿಸಿದ್ದೀರಿ. ಎದುರಿಂದ 8 ಸೆಕೆಂಡಿಗೊಂದರಂತೆ 2 ಮೀಟರ್ ಎತ್ತರದ ಅಲೆ ಬರ್ತಿದೆ. ಬಿರುಗಾಳಿಯೇನಲ್ಲ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು. ಆಳ ನೀರಲ್ಲಿ ಅಂಥ ಅಲೆಯ ಉದ್ದ ಸುಮಾರು 100 ಮೀಟರ್. ಅಲೆಯ ನೆತ್ತಿ ಜೋಡಣೆಯ ಕೆಳಗೆ ಬಂದಾಗ ನಡು ಮೇಲೆದ್ದು ಎರಡೂ ತುದಿ ಜೋತುಬೀಳಲು ನೋಡತ್ತೆ. ಆಗ ನಡುವಿನ ಜೋಡಣೆ ಮೇಲೆ ಬೀಳುವ ಬಾಗಿಸುವ ಬಲ, ನನ್ನ ಕಚ್ಚಾ ಲೆಕ್ಕದಲ್ಲಿ, ಸುಮಾರು 31,000 ಟನ್-ಮೀಟರ್. ಜೋಡಣೆ 6 ಮೀಟರ್ ಎತ್ತರ ಇದೆ ಅಂದ್ಕೊಂಡರೆ ಅದರ ಮೇಲಂಚನ್ನು 5,000 ಟನ್ ಎಳೀತಿದೆ, ಕೆಳಂಚನ್ನು 5,000 ಟನ್ ಒತ್ತುತ್ತಿದೆ. ತುಂಬಿದ ಒಂದು ಇಡೀ ಗೂಡ್ಸ್ ರೈಲಿನ ತೂಕ. ನಾಲ್ಕೇ ಸೆಕೆಂಡಿಗೆ ಅಲೆಯ ತಗ್ಗು ಅಲ್ಲಿಗೆ ಬರತ್ತೆ, ಎಲ್ಲಾ ಉಲ್ಟಾ. ಎಳೀತಿದ್ದದ್ದು ಒತ್ತತ್ತೆ, ಒತ್ತುತ್ತಿದ್ದದ್ದು ಎಳೆಯತ್ತೆ.

ಹೀಗೆ ವರ್ಷಕ್ಕೆ 39 ಲಕ್ಷ ಸಲ. 20 ವರ್ಷಕ್ಕೆ ಹತ್ತಿರ ಹತ್ತಿರ 8 ಕೋಟಿ ಸಲ. ಕಬ್ಬಿಣದ ತಂತಿಯನ್ನು ಆ ಕಡೆ ಈ ಕಡೆ ಬಾಗಿಸಿ ಬಾಗಿಸಿ ಕೈಯಲ್ಲೇ ಮುರಿದಿದ್ದೀರಲ್ಲ, ಅದೇ ಆಟ. ಇನ್ನೂ ದಪ್ಪ ಉಕ್ಕು ಹಾಕ್ತೀನಿ ಅಂತೀರಾ? ಹಾಕಿ. ಆದರೆ ನಿಮಗೆ ಬೇಕಿರೋದು 100 ಮೀಟರ್ ಅಲ್ಲ, ಒಂದು ಕಿಲೋಮೀಟರ್ ರನ್‌ವೇ. ಉದ್ದ ಎರಡು ಪಟ್ಟಾಗಿ, ಅದಕ್ಕೆ ತಕ್ಕ ಉದ್ದದ ಅಲೆ ಬಂದರೆ, ಬಾಗಿಸುವ ಬಲ ನಾಲ್ಕು ಪಟ್ಟು. ಕಡಲಿನ ಜೊತೆ ಈ ಪಂದ್ಯ ಕಟ್ಟಿ ಗೆದ್ದವರಿಲ್ಲ.

ಸರಿ, ಬಿಗಿ ಬೇಡ, ಬಾಗಿಲಿಗೆ ಹಾಕುವಂಥ ಕೀಲು ಹಾಕೋಣ. ಬಾಗಿಸುವ ಬಲ ಮಾಯ! ಆದರೆ ಅದೇ 2 ಮೀಟರ್ ಅಲೆಗೆ ಎರಡು ತುಂಡುಗಳ ನಡುವೆ 4-5 ಡಿಗ್ರಿ ಮುರುಕು ಬರತ್ತೆ. ನಡೆದು ಹೋಗೋರಿಗೆ ಪರವಾಗಿಲ್ಲ, ಇಳಿಯುತ್ತಿರುವ ವಿಮಾನಕ್ಕೆ ಅದು ಹಂಪು. ಜೊತೆಗೆ ಬಾಗೋದಷ್ಟೇ ಬಿಟ್ಟಿದ್ದೀರಿ, ಮೇಲೆ ಕೆಳಗೆ ಕತ್ತರಿಸುವ ಬಲ, ಓರೆ ಅಲೆ ಬಂದಾಗ ತಿರುಚುವ ಬಲ ಎಲ್ಲಾ ಅಲ್ಲೇ ಇವೆ.

ಇವೆರಡರ ನಡುವಿನ ದಾರಿಗೇ ಫ್ಲೆಕ್ಸಿಬಲ್ ಕನೆಕ್ಟರ್ ಅನ್ನೋದು. ನಾನು ಬಾಗುಕೀಲು ಅಂತೀನಿ, ಇದಕ್ಕಿಂತ ಒಳ್ಳೆ ಪದ ಇದ್ದರೆ ಹೇಳಿ. ತತ್ವ ಸರಳ. ಒತ್ತಡ ತಡೆಯೋಕೆ ದಪ್ಪ ರಬ್ಬರ್, ಎಳೆತ ತಡೆಯೋಕೆ ಕೇಬಲ್ಲು. ಅಥವಾ ಎರಡನ್ನೂ ಸೇರಿಸಿ ಮಾಡಿದ ಸ್ಪ್ರಿಂಗಿನಂಥ ವ್ಯವಸ್ಥೆ. ಸ್ವಲ್ಪ ಬಿಟ್ಟುಕೊಡತ್ತೆ, ಪೂರ್ತಿ ಬಿಡಲ್ಲ.

ಈ "ಸ್ವಲ್ಪ" ಅಂದರೆ ಎಷ್ಟು ಅನ್ನೋದರಲ್ಲೇ ಎಲ್ಲಾ ಇರೋದು. ಮೆತ್ತಗೆ ಮಾಡಿದಷ್ಟೂ ಕೀಲಿನ ಮೇಲಿನ ಬಲ ಕಡಿಮೆ, ಆದರೆ ಕುಣಿತ ಜಾಸ್ತಿ. ಬಿಗಿ ಮಾಡಿದಷ್ಟೂ ಕುಣಿತ ಕಡಿಮೆ, ಬಲ ಜಾಸ್ತಿ. ನಡುವೆ ಒಂದು ಕೆಟ್ಟ ಜಾಗವೂ ಇದೆ. ಕೀಲಿನ ಬಿಗಿತ ಮತ್ತು ತುಂಡುಗಳ ತೂಕ ಸೇರಿ ಅದಕ್ಕೇ ಒಂದು ತಾಳ ಇರತ್ತಲ್ಲ, ಅದು ಅಲೆಯ ತಾಳಕ್ಕೆ ಸರಿಯಾಗಿ ಕೂತುಬಿಟ್ಟರೆ ಉಯ್ಯಾಲೆಯನ್ನು ಸಮಯ ನೋಡಿ ತಳ್ಳಿದ ಹಾಗೆ, ಸಣ್ಣ ಅಲೆಯೂ ದೊಡ್ಡ ಅನಾಹುತ ಮಾಡತ್ತೆ. ಹಾಗಾಗಿ "ಗಟ್ಟಿ ಕೀಲು" "ಮೆತ್ತನೆ ಕೀಲು" ಅನ್ನೋ ಮಾತಿಗೆ ಅರ್ಥ ಇಲ್ಲ. ಯಾವ ಕಡಲಿಗೆ, ಎಷ್ಟು ಸೆಕೆಂಡಿನ ಅಲೆಗೆ ಅಂತ ಹೇಳಿ, ಆಮೇಲೆ ಬಿಗಿತ ಹೇಳಿ.

ಇದೇನು ಹೊಸ ಜ್ಞಾನ ಅಲ್ಲ. ಮದರಾಸಿಗೆ ಬಂದರು ಇಲ್ಲದ ಕಾಲದಲ್ಲಿ ಹಡಗುಗಳು ದೂರದಲ್ಲಿ ಲಂಗರು ಹಾಕಬೇಕಿತ್ತು. ಅಲ್ಲಿಂದ ದಡಕ್ಕೆ ಜನ, ಸಾಮಾನು ತರುತ್ತಿದ್ದದ್ದು ಮಸೂಲ ದೋಣಿಗಳು. ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ ದೋಣಿ, ಮೊಳೆ ಇಲ್ಲ. ದಡದ ಹತ್ತಿರ ಮುರಿದು ಬೀಳುವ ಅಲೆಗಳಲ್ಲಿ ಯುರೋಪಿನವರ ಮೊಳೆ ಹೊಡೆದ ಗಟ್ಟಿ ದೋಣಿಗಳು ಒಡೆಯುತ್ತಿದ್ದವು, ಈ ಹೊಲಿದ ದೋಣಿ ಬಳುಕಿ ಮರಳ ಮೇಲೆ ಬಂದು ಕೂರುತ್ತಿತ್ತು. ನೀರು ಒಳಗೆ ಜಿನುಗುತ್ತಿತ್ತು, ಹೌದು. ಅದನ್ನು ತೋಡಿ ಚೆಲ್ಲೋದು, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯೋದು ಆ ಬೆಸ್ತರ ಕೆಲಸದ ಭಾಗವೇ ಆಗಿತ್ತು. ಈ ಕೊನೇ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ದೊಡ್ಡ ಮಟ್ಟದಲ್ಲಿ ಈ ವಿಷಯ ಇತ್ಯರ್ಥವಾದದ್ದು ಎರಡನೇ ಮಹಾಯುದ್ಧದಲ್ಲಿ. ನಾರ್ಮಂಡಿಯಲ್ಲಿ ಸೈನ್ಯ ಇಳಿಸಬೇಕು, ಬಂದರೆಲ್ಲ ಜರ್ಮನರ ಕೈಯಲ್ಲಿ. ಹಾಗಾದರೆ ಬಂದರನ್ನೇ ಹೊತ್ತುಕೊಂಡು ಹೋಗೋಣ ಅಂತ ಬ್ರಿಟಿಷರು ಹೊರಟರು. ಅದೇ ಮಲ್ಬೆರಿ ಬಂದರು. ಹಡಗು ನಿಲ್ಲುವ ಜಾಗದಿಂದ ದಡದವರೆಗೆ ಲಾರಿ, ಟ್ಯಾಂಕುಗಳು ಓಡುವಂಥ ರಸ್ತೆ ನೀರಿನ ಮೇಲೆ ಬೇಕು. ಅಲ್ಲಿ ಭರತ ಇಳಿತದ ವ್ಯತ್ಯಾಸವೇ 6 ಮೀಟರಿಗಿಂತ ಹೆಚ್ಚು.

ಮೂರು ವಿನ್ಯಾಸಗಳನ್ನು ಸ್ಕಾಟ್ಲೆಂಡಿನ ಗಾರ್ಲಿಸ್ಟನ್ ಹತ್ತಿರ ಕಡಲಿಗೆ ಇಳಿಸಿದರು. ಒಂದು, ತಳದಲ್ಲಿ ಕೂರುವ ಭಾರೀ ಕಾಂಕ್ರೀಟ್ ಪೆಟ್ಟಿಗೆಗಳು, ಅವುಗಳ ಮೇಲೆ ಉಕ್ಕಿನ ಸೇತುವೆ. ಹೆಸರು ಹಿಪ್ಪೋ ಮತ್ತು ಕ್ರೊಕೊಡೈಲ್. ನಮ್ಮ "ಗಟ್ಟಿ ಕಟ್ಟಿ" ಪಾರ್ಟಿಯವರಿಗೆ ಬಹಳ ಇಷ್ಟ ಆಗುವಂಥದ್ದು. ಎರಡನೆಯದು ಸ್ವಿಸ್ ರೋಲ್, ಕ್ಯಾನ್ವಾಸು ಮತ್ತು ಪಟ್ಟಿಗಳ ತೇಲುವ ಚಾಪೆ, ಹಾಸಿ ಎಳೆದು ಕಟ್ಟೋದು. ಮೂರನೆಯದು ಆಲನ್ ಬೆಕೆಟ್ ಅನ್ನೋ ಇಂಜಿನಿಯರ್‌ದು. 80 ಅಡಿಯ ಉಕ್ಕಿನ ಸ್ಪ್ಯಾನುಗಳು, ಪ್ರತಿಯೊಂದರ ತುದಿಯೂ ತೇಲುವ ಪಾಂಟೂನ್ ಮೇಲೆ, ನಡುವೆ ನಮ್ಮ ಸೊಂಟದ ಮೂಳೆಯಲ್ಲಿರುವಂಥ ಗುಂಡು ಕೀಲು. ಸ್ಪ್ಯಾನು ಸ್ವತಃ ತಿರುಚಿಕೊಳ್ಳುವ ಹಾಗೆ ಮಾಡಿದ್ದರು. ಅಲ್ಲಲ್ಲಿ ಉದ್ದ ಹೆಚ್ಚು ಕಡಿಮೆಯಾಗುವ ಟೆಲಿಸ್ಕೋಪ್ ಸ್ಪ್ಯಾನು ಬೇರೆ.

ಯಾವುದು ಒಳ್ಳೆಯದು ಅಂತ ಸಮಿತಿ ತೀರ್ಮಾನ ಮಾಡುವ ಮೊದಲೇ ಬಿರುಗಾಳಿ ಬಂತು. ಹಿಪ್ಪೋಗಳ ಅಡಿಯ ನೆಲವನ್ನು ನೀರು ಕೊರೆದು ಅವುಗಳ ಸೇತುವೆ ಕುಸಿಯಿತು. ಚಾಪೆ ಕೊಚ್ಚಿಕೊಂಡು ಹೋಯಿತು. ಬೆಕೆಟ್‌ನ ಕೀಲು ರಸ್ತೆ ಹಾಗೇ ಇತ್ತು. ಅದನ್ನೇ ಆಯ್ಕೆ ಮಾಡಿ ವ್ಹೇಲ್ ಅಂತ ಹೆಸರಿಟ್ಟರು.

ನೋಡಿ, ಗಟ್ಟಿಯೂ ಸೋತಿತು, ಲೊಳಲೊಳ ಅನ್ನೋದೂ ಸೋತಿತು. ಎಲ್ಲಿ ಎಷ್ಟು ಬಾಗಬೇಕು ಅಂತ ಕೂತು ಲೆಕ್ಕ ಹಾಕಿದ್ದು ಉಳೀತು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಜೂನ್ 1944ರಲ್ಲಿ ನಾರ್ಮಂಡಿಯಲ್ಲಿ ಇಂಥ ಎರಡು ಬಂದರು ಕಟ್ಟಿದರು. 19ರಿಂದ ಮೂರ್ನಾಲ್ಕು ದಿನ ಬೀಸಿದ ಬಿರುಗಾಳಿಗೆ ಒಮಾಹಾ ಬೀಚಿನದು ಹಾಳಾಯಿತು, ಅರೊಮಾಂಶ್‌ನದು ಪೆಟ್ಟು ತಿಂದರೂ ಉಳಿದು ತಿಂಗಳುಗಟ್ಟಲೆ ಕೆಲಸ ಮಾಡಿತು. ಎರಡರಲ್ಲೂ ಅದೇ ವ್ಹೇಲ್ ರಸ್ತೆ. ಅಂದರೆ ಕೀಲು ಸರಿ ಇದ್ದರೂ ಲಂಗರು, ಅಲೆತಡೆ ಕೈಕೊಟ್ಟರೆ ಕೀಲಿನ ಲೆಕ್ಕವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹಾಗಾಗಿ ಕೀಲೊಂದಿದ್ದರೆ ಸಾಕು ಅಂತ ನಾನು ಹೇಳ್ತಿದ್ದೀನಿ ಅಂದ್ಕೋಬೇಡಿ. ಕೀಲಿನಿಂದ ಲೆಕ್ಕ ಶುರು ಮಾಡಿ ಅಂತ ಹೇಳ್ತಿದ್ದೀನಿ. ಕೀಲಿಗೆ ಎಷ್ಟು ಅಲೆ ತಡೆಯೋಕಾಗತ್ತೆ ಅಂತ ಗೊತ್ತಾದ ಮೇಲೆ ತಾನೇ ಅಲೆತಡೆ ಬೇಕೋ ಬೇಡವೋ ಅಂತ ಗೊತ್ತಾಗೋದು?

ಈ ವಾದ ಮಾಡಿದಾಗಲೆಲ್ಲ ಒಬ್ಬರು ಜಪಾನ್ ಅಂತ ಕೈ ಎತ್ತುತ್ತಾರೆ. ಜಪಾನಿನವರು ಮೆಗಾ-ಫ್ಲೋಟ್ ಅಂತ ಯೊಕೊಸುಕಾದಲ್ಲಿ ಒಂದು ಕಿಲೋಮೀಟರ್ ಉದ್ದದ ತೇಲುವ ರನ್‌ವೇ ಮಾಡಿ 2000ದ ಹೊತ್ತಿಗೆ ಅದರ ಮೇಲೆ ವಿಮಾನ ಇಳಿಸಿ, ಹಾರಿಸಿ ತೋರಿಸಿದರಲ್ಲ, ತುಂಡುಗಳನ್ನು ನೀರಿನ ಮೇಲೇ ಬೆಸುಗೆ ಹಾಕಿದ್ದರಲ್ಲ, ಕೀಲು ಎಲ್ಲಿತ್ತು? ಒಳ್ಳೆ ಪ್ರಶ್ನೆ. ಮೊದಲನೆಯದಾಗಿ ಅದು ಇದ್ದದ್ದು ಟೋಕಿಯೋ ಕೊಲ್ಲಿಯ ಒಳಗೆ, ತೆರೆದ ಸಮುದ್ರದಲ್ಲಲ್ಲ. ಎರಡನೆಯದು ಇನ್ನೂ ಸ್ವಾರಸ್ಯ. ಉದ್ದ 1000 ಮೀಟರ್, ದಪ್ಪ ಬರೀ 3 ಮೀಟರ್. ಎ4 ಹಾಳೆಯಷ್ಟು ಉದ್ದದ, ಒಂದು ಮಿಲಿಮೀಟರ್ ದಪ್ಪದ ರಟ್ಟು ಅಂದ್ಕೊಳ್ಳಿ. ಅದನ್ನು ಗಟ್ಟಿ ಅಂತೀರಾ? ಅದು ಇಡಿಯಾಗಿಯೇ ಬಾಗತ್ತೆ. ಅವರು ಕೀಲನ್ನು ಕೈಬಿಡಲಿಲ್ಲ, ಇಡೀ ಒಂದು ಕಿಲೋಮೀಟರಿಗೆ ಹರಡಿದರು. ತುಂಬ ಜಾಣತನ. ಆದರೂ ಆಮೇಲೆ ಹಾನೆಡಾ ವಿಮಾನ ನಿಲ್ದಾಣದ ನಾಲ್ಕನೇ ರನ್‌ವೇಗೆ ತೇಲುವ ಪ್ರಸ್ತಾಪ ಬಂದಾಗ ಅದನ್ನು ಒಪ್ಪಲಿಲ್ಲ, ಮಣ್ಣು ತುಂಬಿ, ಕಂಬ ಊರಿಯೇ ಕಟ್ಟಿದರು. 2010ರಲ್ಲಿ ಅದು ಶುರುವಾಯಿತು.

ತೆರೆದ ಸಮುದ್ರಕ್ಕೇ ಕೈ ಹಾಕಿದ್ದು ಅಮೆರಿಕದ ನೌಕಾಪಡೆ. 1990ರ ದಶಕದ ಕೊನೆಯಲ್ಲಿ ಮೊಬೈಲ್ ಆಫ್‌ಶೋರ್ ಬೇಸ್ ಅಂತ ಒಂದೂವರೆ ಕಿಲೋಮೀಟರಿನ ತೇಲುವ ನೆಲೆ ಮಾಡಬಹುದಾ ಅಂತ ಅಧ್ಯಯನ ನಡೆಸಿದರು. ಕಂಪನಿಗಳು ಕೊಟ್ಟ ಯೋಜನೆಗಳನ್ನು ನೋಡಿದರೆ ಎಲ್ಲರ ತಲೆನೋವೂ ಒಂದೇ ಅಂತ ಗೊತ್ತಾಗತ್ತೆ. ಒಬ್ಬರು ಕೀಲು ಅಂದರು. ಒಬ್ಬರು ದೊಡ್ಡ ತುಂಡುಗಳ ನಡುವೆ ಬಳುಕುವ ಸೇತುವೆ ಅಂದರು. ಇನ್ನೊಬ್ಬರಂತೂ ಜೋಡಿಸೋದೇ ಬೇಡ, ಪ್ರೊಪೆಲರ್ ಹಾಕಿ ಕಂಪ್ಯೂಟರಿನಿಂದ ಪಕ್ಕಪಕ್ಕ ನಿಲ್ಲಿಸೋಣ ಅಂದುಬಿಟ್ಟರು! ಕೀಲಿನ ಸಹವಾಸವೇ ಬೇಡ ಅಂತ ಯಂತ್ರವನ್ನು ಸದಾ ಓಡಿಸ್ತಾ ಇರೋಕೂ ತಯಾರು. ಕೊನೆಗೆ ಕಟ್ಟಲಿಲ್ಲ ಬಿಡಿ.

ಈಗ ನನಗೆ ನಿಜವಾಗಿ ಸಿಟ್ಟು ಬರಿಸಿದ ವಿಷಯಕ್ಕೆ ಬರ್ತೀನಿ. 2024ರಲ್ಲಿ ಗಾಜಾದ ಜನಕ್ಕೆ ಆಹಾರ ತಲುಪಿಸಲು ಅಮೆರಿಕದ ಸೈನ್ಯ ತುಂಡು ತುಂಡು ಜೋಡಿಸುವ ತೇಲುವ ಧಕ್ಕೆ ಹಾಕಿತು. ಮೇ 17ರಿಂದ ಲಾರಿಗಳು ಇಳಿಯತೊಡಗಿದವು. ಒಂದು ವಾರ ದಾಟುತ್ತಿದ್ದಂತೆ ಅಲೆಗಳ ಹೊಡೆತಕ್ಕೆ ಒಂದು ಭಾಗ ಕಿತ್ತುಹೋಯಿತು. ಎಳೆದುಕೊಂಡು ಹೋಗಿ ಅಶ್ದೋದ್ ಬಂದರಿನಲ್ಲಿ ರಿಪೇರಿ. ಜೂನ್ 7ಕ್ಕೆ ಮತ್ತೆ ಜೋಡಿಸಿದರು. ಅದೇ ತಿಂಗಳಲ್ಲಿ ಕಡಲು ಒರಟಾಗತ್ತೆ ಅಂತ ಇನ್ನೆರಡು ಸಲ ಬಿಚ್ಚಿದರು. ಜುಲೈ 17ಕ್ಕೆ ಮುಗೀತು ಅಂತ ಘೋಷಣೆ. ಅಂದಾಜು 23 ಕೋಟಿ ಡಾಲರ್ ಖರ್ಚು, ಕೆಲಸ ಮಾಡಿದ್ದು 20 ದಿನದ ಆಸುಪಾಸು.

ಕಡಲು ಅನಿರೀಕ್ಷಿತವಾಗಿ ಒರಟಾಯಿತು ಅನ್ನೋ ಧಾಟಿಯ ಸುದ್ದಿ ಓದಿದಾಗ ಮೈ ಉರೀತು. ಅನಿರೀಕ್ಷಿತ ಏನು ಬಂತು? ಆ ವ್ಯವಸ್ಥೆ ಸೀ ಸ್ಟೇಟ್ 3ರವರೆಗೆ, ಅಂದರೆ ಹೆಚ್ಚೂಕಡಿಮೆ ಒಂದೂಕಾಲು ಮೀಟರ್ ಅಲೆಯವರೆಗೆ ಮಾತ್ರ ಅಂತ ಮೊದಲೇ ಗೊತ್ತಿತ್ತು. ನಾರ್ಮಂಡಿಯಲ್ಲಿ ಹಾಕಿದಂಥ ಅಲೆತಡೆ ಇಲ್ಲಿರಲಿಲ್ಲ. ಪೂರ್ವ ಮೆಡಿಟರೇನಿಯನ್ನಿನಲ್ಲಿ ಒಂದೂಕಾಲು ಮೀಟರ್ ದಾಟುವ ಅಲೆ ಏನು ಅಪರೂಪದ ಅತಿಥಿಯಾ? ಕೀಲಿನ ಮಿತಿ ಒಂದು ಕಡೆ, ಆ ಕಡಲಿನ ಅಲೆಗಳ ದಾಖಲೆ ಇನ್ನೊಂದು ಕಡೆ ಇಟ್ಟುಕೊಂಡು ಕೂತಿದ್ದರೆ ವಾರಕ್ಕೆ ಎಷ್ಟು ದಿನ ಹಿಟ್ಟಿನ ಲಾರಿ ಇಳಿಯತ್ತೆ ಅಂತ ಮೊದಲೇ ಹೇಳಬಹುದಿತ್ತು. ಹಸಿದು ಕಾಯುತ್ತಿರುವವರಿಗೆ ಆ ಲೆಕ್ಕವೇ ಅನ್ನ. ದಡದ ದಾರಿಗಳನ್ನು ತೆರೆಸುವ ಬದಲು ಈ ಧಕ್ಕೆಯನ್ನು ತೋರಿಸುತ್ತಾ ಕೂತದ್ದು ರಾಜಕೀಯ, ಅದು ಇನ್ನೊಂದು ಪೋಸ್ಟಿನಷ್ಟಿದೆ, ಇರಲಿ.

ಇಷ್ಟೆಲ್ಲ ಆದಮೇಲೂ ತೇಲುವ ಊರುಗಳ ಚಿತ್ರಗಳು ಬರ್ತಾನೇ ಇವೆ. 2022ರಲ್ಲಿ ಬುಸಾನ್‌ಗೆ ಅಂತ ಒಂದರ ಮಾದರಿ ತೋರಿಸಿದರು, ಮಾಲ್ಡೀವ್ಸ್‌ನಲ್ಲಿ ಇನ್ನೊಂದು ಯೋಜನೆ. ಮಾಲ್ಡೀವ್ಸ್‌ನವರದು ಲಗೂನಿನ ಒಳಗೆ, ಹವಳದ ದಿಬ್ಬದ ಮರೆಯಲ್ಲಿ, ಅದು ವಿವೇಕ. ಆದರೆ ಚಿತ್ರಗಳನ್ನು ಗಮನಿಸಿ. ಷಟ್ಕೋನದ ತುಂಡುಗಳು, ಮರಗಿಡ, ಸೈಕಲ್ ಹೊಡೆಯುವ ಮಕ್ಕಳು, ಕನ್ನಡಿಯಂಥ ನೀರು. ತುಂಡು ತುಂಡು ಸೇರುವ ಕಡೆ ಒಂದು ತೆಳ್ಳನೆ ಗೆರೆ. ಆ ಗೆರೆಯ ಮೇಲೇ ನೀರಿನ ಪೈಪು, ಕರೆಂಟು, ಒಳಚರಂಡಿ ಎಲ್ಲಾ ದಾಟಬೇಕು, ಗೊತ್ತಾಯ್ತಾ? ವರ್ಷಕ್ಕೆ ಲಕ್ಷಗಟ್ಟಲೆ ಸಲ ಬಾಗುವ ಗೆರೆ. ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗಬೇಕು. ನಿಮ್ಮ ಮಾಡ್ಯೂಲು ಸರಿ ಇರತ್ತೆ, ನನ್ನ ಮಾಡ್ಯೂಲೂ ಸರಿ ಇರತ್ತೆ, ರಾತ್ರಿ ಎರಡು ಗಂಟೆಗೆ ಫೋನ್ ಬರೋದು ಎರಡೂ ಸೇರುವ ಕಡೆಯಿಂದ :-)

ಸರಿ, ನಮ್ಮ ಬೀಚಿಗೆ ವಾಪಸ್ ಬರೋಣ. ಇಂಥ ಕಡೆ ಸಾಮಾನ್ಯವಾಗಿ ಹಾಕೋದು ಪ್ಲಾಸ್ಟಿಕ್ಕಿನ ಪೊಳ್ಳು ಡಬ್ಬಗಳು. ಮೂಲೆಗಳಲ್ಲಿ ಕಿವಿಗಳಿರ್ತವೆ, ನಾಲ್ಕು ಡಬ್ಬದ ಕಿವಿಗಳು ಒಂದರ ಮೇಲೊಂದು ಕೂತು, ನಡುವೆ ಒಂದು ಪ್ಲಾಸ್ಟಿಕ್ ಪಿನ್ನು. ಅದೇ ಕೀಲು. ಕೆರೆಗೆ, ಹಿನ್ನೀರಿಗೆ, ದೋಣಿ ಕಟ್ಟುವ ಜೆಟ್ಟಿಗೆ ಬಹಳ ಒಳ್ಳೇ ವಸ್ತು. ಅಲೆ ಸುಮ್ಮನೆ ಏರಿ ಇಳಿದರೆ ಅದರ ಜೊತೆ ಹಾವಿನ ಹಾಗೆ ಹೋಗತ್ತೆ. ಆದರೆ ಬೀಚಿನ ದಡದಲ್ಲಿ ಅಲೆ ಏರಿಳಿಯಲ್ಲ, ಮುರಿದು ಬೀಳತ್ತೆ. ಲಂಗರಿನ ಹಗ್ಗ ಸಡಿಲಾಗಿ ಮರುಕ್ಷಣ ಬಿರ್ರನೆ ಬಿಗಿಯಾಗತ್ತೆ. ಆ ಜಗ್ಗಿಗೆ ಪಿನ್ನು, ಕಿವಿ ಎರಡೂ ಸೋಲ್ತವೆ. ಅದನ್ನು ಕಬ್ಬಿಣದ ಪಟ್ಟಿ ಹಾಕಿ "ಗಟ್ಟಿ" ಮಾಡಿದರೆ ಪಿನ್ನಿನ ಬದಲು ಡಬ್ಬವೇ ಹರಿಯತ್ತೆ, ಅಷ್ಟೇ ವ್ಯತ್ಯಾಸ.

ಅದಕ್ಕೇ ಹೇಳ್ತಿದ್ದೀನಿ, ಟೆಂಡರಿನಲ್ಲಿ ಉದ್ದ ಅಗಲ ಬರೆಯುವ ಮೊದಲು ಈ ಕೀಲಿನ ಮಿತಿ ಬರೀಲಿ. ಎಷ್ಟು ಎತ್ತರದ, ಎಷ್ಟು ಸೆಕೆಂಡಿನ ಅಲೆಯವರೆಗೆ? ಎಷ್ಟು ಲಕ್ಷ ಸಲ ಬಾಗಿದ ಮೇಲೆ ಪಿನ್ನು ಬದಲಿಸಬೇಕು? ಬಿಸಿಲು, ಉಪ್ಪಿಗೆ ಅದು ಎಷ್ಟು ತಿಂಗಳಿಗೆ ಪೆಡಸಾಗತ್ತೆ? ಪರೀಕ್ಷೆಗೆ ದೂರ ಹೋಗಬೇಕಿಲ್ಲ, ಮಲ್ಪೆಯಿಂದ ಗಂಟೆ ಚಿಲ್ಲರೆ ದಾರಿಯ ಸುರತ್ಕಲ್ ಎನ್‌ಐಟಿಕೆಯಲ್ಲೇ ಅಲೆ ಎಬ್ಬಿಸುವ ತೊಟ್ಟಿ ಇದೆ. ಅಲೆಯ ಮುನ್ಸೂಚನೆಗೆ ಹೈದರಾಬಾದಿನ ಇನ್‌ಕಾಯಿಸ್ ಇದೆ, ನಮ್ಮ ಕರಾವಳಿಗೂ ಎತ್ತರದ ಅಲೆಯ ಎಚ್ಚರಿಕೆ ಕೊಡ್ತಾರೆ. ಎರಡೂ ಸರ್ಕಾರದ್ದೇ, ಎರಡೂ ಈಗಾಗಲೇ ಇರುವಂಥದ್ದೇ.

ಇನ್ನು ಬಿಚ್ಚುವವರು ಯಾರು? ಮಸೂಲ ದೋಣಿಯವರು ಹೊಲಿಗೆ ಸಡಿಲಾದಾಗ ತಾವೇ ಮತ್ತೆ ಹೊಲೀತಿದ್ದರು, ಯಾಕಂದರೆ ಅದರಲ್ಲಿ ಕೂರುವವರೂ ಅವರೇ. ಇಲ್ಲಿ ಟಿಕೆಟ್ ಹರಿಯುವ ಹುಡುಗನಿಗೆ ಸೇತುವೆ ಬಂದ್ ಮಾಡುವ ಅಧಿಕಾರ ಇಲ್ಲ, ಅಧಿಕಾರ ಇರುವವರು ಬೀಚಿನಲ್ಲಿ ಇರಲ್ಲ. ಶನಿವಾರ ಸಂಜೆ, ಕ್ಯೂ ಇದೆ, ಅಲೆ ಏರ್ತಿದೆ. ಯಾರು ನಿಲ್ಲಿಸಬೇಕು? ಆ ಹೆಸರು ಮತ್ತು ಆ ಅಲೆಯ ಎತ್ತರ, ಇವೆರಡನ್ನು ಟಿಕೆಟ್ ಕೌಂಟರಿನ ಮುಂದೆ ಬೋರ್ಡಿನಲ್ಲಿ ಬರೆದುಹಾಕಲಿ. ರಿಬ್ಬನ್ ಕತ್ತರಿಸಿದವರ ಹೆಸರಿನ ಕಲ್ಲು ಹಾಕ್ತೀರಲ್ಲ, ಅದರ ಕೆಳಗೇ ಹಾಕಿದರೂ ಆಯ್ತು.

ಅಲ್ಲೀವರೆಗೆ ನಿಮ್ಮ ಪಾಡಿಗೆ ನೀವು ಮಾಡಬಹುದಾದದ್ದು ಒಂದಿದೆ. ಇಂಥ ಸೇತುವೆ ಹತ್ತುವ ಮುಂಚೆ ಮೊದಲ ಎರಡು ಸಾಲಿನ ಪಿನ್ನುಗಳನ್ನು ಬಗ್ಗಿ ನೋಡಿ. ಪಿನ್ನಿನ ಸುತ್ತ ತೂತು ಗುಂಡಗಿಲ್ಲದೆ ಮೊಟ್ಟೆಯಾಕಾರಕ್ಕೆ ಅಗಲವಾಗಿದ್ದರೆ, ಅಥವಾ ಕಿವಿಯ ಬುಡದಲ್ಲಿ ಬೆಳ್ಳನೆ ಗೆರೆ ಕಂಡರೆ, ಒಂದು ಫೋಟೋ ತೆಗೆದು ಎಲ್ಲರಿಗೂ ಕಾಣೋ ಕಡೆ ಹಾಕಿ. ಟಿಕೆಟ್ ದುಡ್ಡು ಹೋದರೆ ಹೋಗಲಿ, ಮಕ್ಕಳನ್ನು ಕರೆದುಕೊಂಡು ಮರಳ ಮೇಲೆ ಕೂತು ಚುರುಮುರಿ ತಿನ್ನಿ.